ಭಂಡಾರದರೆಯ ನೀರಿನ ದಂಡೆಯಲ್ಲಿ ಎರಡು ದಿನ

ನಮ್ಮ ಕಚೇರಿಯ ಮೇಲಧಿಕಾರಿಗಳೊಬ್ಬರು ಇಟಲಿ ದೇಶದ ಸರೋವರ ಪ್ರಾಂತವನ್ನು ನೋಡಿಕೊಂಡು ಬಂದರು. ಬಂದ ಮರುದಿನವೇ ಮಧ್ಯಾಹ್ನದ ಊಟದ ವೇಳೆಗೆ ನಮ್ಮನ್ನೆಲ್ಲ ಸುತ್ತ ಕೂಡ್ರಿಸಿಕೊಂಡು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಕೋಮೋ, ಮಾಜ್ಜೋರೆ, ಗಾರ್ದಾ ಎಂದು ಅವುಗಳ ಹೆಸರು. ಗಾರ್ದಾ ಎಲ್ಲಕ್ಕೂ ದೊಡ್ಡದು, ಸುಮಾರು 370 ಚದರ ಕಿಲೋಮೀಟರು. ಕೋಮೋ ಅದಕ್ಕಿಂತ ಚಿಕ್ಕದಾದರೂ 400 ಮೀಟರಿಗೂ ಮಿಕ್ಕಿ ಆಳ. ಸಾವಿರಾರು ವರ್ಷಗಳ ಹಿಂದೆ ಆಲ್ಪ್ಸ್ ಪರ್ವತದಿಂದ ಜಾರಿ ಬಂದ ಹಿಮನದಿಗಳು ನೆಲವನ್ನು ಕೆತ್ತಿ ಮಾಡಿದ ತಗ್ಗುಗಳವು. ಮೇ ತಿಂಗಳ ಕೊನೆಗೆ ಬೆಟ್ಟದ ಮೇಲಿನ ಹಿಮ ಕರಗಿ ಆ ಸರೋವರಗಳು ತುಂಬಿ ನಿಲ್ಲುತ್ತವಂತೆ. ದಂಡೆಯ ತುಂಬ ಹೂವು, ಬಿಳಿಯ ದೋಣಿ, ಕೆಂಪು ಹೆಂಚಿನ ಮನೆ. ನೋಡಿದಷ್ಟೂ ಸಾಲದೆನಿಸಿತು.

ಅವುಗಳ ನಡುವೆ ಒಂದು ವಿಚಿತ್ರ ಚಿತ್ರವಿತ್ತು. ವಿಶಾಲವಾದ ನೀರಿನ ನಡುವೆ ಒಂದು ಕಲ್ಲಿನ ಗೋಪುರ ಮಾತ್ರ ಒಂಟಿಯಾಗಿ ಎದ್ದು ನಿಂತಿದೆ. ಕೆಳಗೆ ಗುಡಿಯಿಲ್ಲ, ಊರಿಲ್ಲ. ‘ಇದೇನು ಸಾಹೇಬರೇ?’ ಎಂದು ಕೇಳಿದೆವು. ಆಸ್ಟ್ರಿಯಾ ಗಡಿಗೆ ಹತ್ತಿರವಾದ ರೇಸಿಯಾ ಎಂಬ ಸರೋವರವದು. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಕುರೋನ್ ಎಂಬ ಹಳೆಯ ಊರು ಮುಳುಗಿತು. 14ನೆಯ ಶತಮಾನದ ಚರ್ಚಿನ ಗಂಟೆಗೋಪುರವೊಂದು ಮಾತ್ರ ಉಳಿಯಿತು ಎಂದು ಅವರು ಹೇಳಿದರು. ನಾವು ಮುಂದೆ ಮಾತನಾಡಲಿಲ್ಲ. ಏಕೆಂಬುದನ್ನು ವಾಚಕರು ಮುಂದೆ ತಿಳಿಯುವರು.

ಆ ರಾತ್ರಿ ಮನೆಯಲ್ಲಿ ಇಟಲಿಯ ವರ್ಣನೆ ಮಾಡಿದ್ದೇ ತಪ್ಪಾಯಿತು. ಹನ್ನೊಂದು ವರ್ಷದ ಮಗಳು, ‘ನಾವು ಯಾವಾಗ ಹೋಗೂದು?’ ಎಂದಳು. ಎಂಟು ವರ್ಷದ ಮಗ ಆಗಲೇ ಚೀಲ ಹುಡುಕತೊಡಗಿದ. ಸರಕಾರ ನಮಗೆ ಕೊಡುವ ಪ್ರವಾಸ ರಿಯಾಯಿತಿ ಭಾರತದ ಗಡಿಯನ್ನು ದಾಟುವುದಿಲ್ಲವೆಂದು ತಿಳಿಸಿ ಹೇಳಿದೆವು. ಶ್ರೀಮತಿಯವರು ನಕ್ಕು, ‘ಇಟಲಿ ಇರಲಿ, ಕಲ್ಯಾಣದಿಂದ ಕಸಾರಾ ಗಾಡಿ ದಿನಕ್ಕ ಎಷ್ಟು ಅದಾವ? ಒಂದರಾಗೂ ನಮ್ಮನ್ನ ಕೂಡ್ರಿಸಿಲ್ಲ ನೀವು’ ಎಂದರು. ಈ ಮಾತಿಗೆ ಉತ್ತರವಿರಲಿಲ್ಲ. ಹದಿಮೂರು ವರ್ಷಗಳಿಂದ ಕಲ್ಯಾಣದಲ್ಲಿದ್ದೇವೆ. ನಮ್ಮ ಪ್ರಯಾಣವೆಲ್ಲ ದಕ್ಷಿಣಕ್ಕೆ, ಮುಂಬಯಿಯ ಕಡೆಗೆ. ಉತ್ತರಕ್ಕೆ ಹೊರಟ ಗಾಡಿ ಎಲ್ಲಿಗೆ ಮುಟ್ಟುತ್ತದೆಂದು ಕಣ್ಣಾರೆ ನೋಡಿದವರಲ್ಲ.

ಹೀಗೆ ಭಂಡಾರದರೆಗೆ ಹೋಗುವುದೆಂದು ನಿಶ್ಚಯವಾಯಿತು. ಸಹ್ಯಾದ್ರಿಯ ನೆತ್ತಿಯ ಮೇಲೆ, ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲೂಕಿನಲ್ಲಿ, ಪ್ರವರಾ ನದಿಗೆ ಕಟ್ಟಿದ ಸರೋವರವದು. ಮೇ ತಿಂಗಳ ಕೊನೆಗೆ, ಮಳೆ ಇನ್ನೇನು ಬಂತೆನ್ನುವಾಗ, ಅಲ್ಲಿಯ ಕಾಡಿನಲ್ಲಿ ಮಿಣುಕುಹುಳುಗಳು ಲಕ್ಷಗಟ್ಟಲೆ ಹೊಳೆಯುತ್ತವೆಂದು ಕೇಳಿದ್ದೆವು.

ಒಂದೇ ತೊಡಕು, ನಮ್ಮ ತಂದೆಯವರದು.

ತಂದೆಯವರು ಬಾಗಲಕೋಟೆಯ ಕಡೆ ಘಟಪ್ರಭೆಯ ದಂಡೆಯ ಒಂದು ಹಳ್ಳಿಯವರು. ನಾವೂ ಅಲ್ಲಿಯೇ ಹುಟ್ಟಿದೆವು. ಆ ಹಳ್ಳಿ ಈಗಿಲ್ಲ. ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ನಮ್ಮ ಕಡೆಯವರು ಇದಕ್ಕೆ ‘ಮುಳುಗಡೆ’ ಎಂಬ ಒಂದೇ ಶಬ್ದ ಬಳಸುತ್ತಾರೆ. ಈ ಬಳಗದಲ್ಲಿಯೂ ಆ ಶಬ್ದವನ್ನು ಬಲ್ಲವರು ಹಲವರಿದ್ದಾರೆ. ಊರು ಬಿಟ್ಟಾಗ ನಮಗೆ ಹದಿಮೂರು ವರ್ಷ. ತಂದೆಯವರು ಪುನರ್ವಸತಿ ಕೇಂದ್ರದ ಮನೆಯಲ್ಲಿ ಹದಿನೈದು ವರ್ಷಕ್ಕೂ ಮೇಲೆ ಇದ್ದರು. ತಾಯಿ ತೀರಿಕೊಂಡ ಮೇಲೆ ಕಲ್ಯಾಣಕ್ಕೆ ಬಂದರು. ಅಷ್ಟೂ ವರ್ಷ, ಕೆಲವೇ ಮೈಲಿಗಳಾಚೆಗಿದ್ದ ಹಿನ್ನೀರಿನ ದಂಡೆಗೆ ಅವರು ಒಂದು ಸಲವೂ ಹೋಗಲಿಲ್ಲ. ಬಸ್ಸು ಸೇತುವೆಯ ಮೇಲೆ ಹೋಗುವಾಗ ಮುಖ ಆಚೆ ತಿರುಗಿಸಿಬಿಡುತ್ತಿದ್ದರು.

‘ಕಟ್ಟಿ ನಿಲ್ಲಿಸಿದ ನೀರು ನಾ ನೋಡಾಂಗಿಲ್ಲ ತಮ್ಮಾ. ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ’ ಎಂದರು.

ಎಪ್ಪತ್ತು ದಾಟಿದ ಹಿರಿಯರನ್ನು ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ? ಪ್ರವಾಸವೇ ನಿಲ್ಲುವ ಹಾಗಾಯಿತು. ಕೊನೆಗೆ ಮೊಮ್ಮಗನೇ ದಾರಿ ಮಾಡಿದ. ‘ಅಜ್ಜಾ, ನೀ ನೀರು ನೋಡಬ್ಯಾಡ. ಹುಳ ನೋಡು’ ಎಂದ. ಈ ಒಪ್ಪಂದಕ್ಕೆ ತಂದೆಯವರು ನಗುತ್ತ ಸಮ್ಮತಿಸಿದರು.

ಶನಿವಾರ ನಸುಕಿನಲ್ಲಿ ಕಸಾರಾ ಲೋಕಲ್ ಹಿಡಿದೆವು. ಶ್ರೀಮತಿಯವರ ಬುತ್ತಿಯ ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೊಸರನ್ನ ಎಲ್ಲ ಇದ್ದವು. ಶಹಾಡ, ಅಂಬಿವಲಿ, ಗಣಪತಿಯ ಟಿಟವಾಳಾ, ಖಡವಲಿ, ವಾಸಿಂದ, ಆಸನಗಾಂವ. ಒಂದೊಂದು ಸ್ಟೇಷನ್ ದಾಟಿದ ಹಾಗೆ ಕಟ್ಟಡಗಳು ಕಡಿಮೆಯಾಗಿ ಬೆಟ್ಟಗಳು ಹತ್ತಿರ ಬಂದವು. ಗಾಳಿಯಲ್ಲಿ ಒಣ ಹುಲ್ಲಿನ ವಾಸನೆ. ರೈಲು ಕಲ್ಯಾಣಕ್ಕೆ ಬಂದದ್ದು 1854ರಲ್ಲಿ. ಘಟ್ಟ ಹತ್ತಿ ಇಗತಪುರಿಯನ್ನು ಮುಟ್ಟಿದ್ದು 1865ರಲ್ಲಿ. ಅಂದರೆ ಈ ಹದಿನಾರು ಕಿಲೋಮೀಟರಿನ ಘಟ್ಟವೇ ಆ ಕಾಲದ ಇಂಜಿನಿಯರರನ್ನು ಅದೆಷ್ಟು ಬಳಲಿಸಿರಬೇಕು! ಇಂದಿಗೂ ಪ್ರತಿ 37 ಅಡಿಗೆ ಒಂದಡಿ ಏರುವ ಆ ದಾರಿಯಲ್ಲಿ ದೂರದ ಗಾಡಿಗಳಿಗೆ ಕಸಾರೆಯಲ್ಲಿ ಹಿಂದಿನಿಂದ ಬೇರೆ ಇಂಜಿನುಗಳನ್ನು ಹಚ್ಚಿ ನೂಕಿಸಬೇಕಾಗುತ್ತದೆ. ಮಗನಿಗೆ ಇಟಲಿಗಿಂತ ಇದೇ ಹೆಚ್ಚಿನ ಸೋಜಿಗವಾಯಿತು.

ದಾರಿಯಲ್ಲಿ ಇನ್ನೊಂದು ಸಂಗತಿಯನ್ನು ಕಂಡೆವು. ಶಹಾಪುರ ತಾಲೂಕು ಮುಂಬಯಿಯ ನೀರಿನ ಹಂಡೆಯಿದ್ದಂತೆ. 1892ರ ತಾನಸಾ ಕೆರೆ ಅಟಗಾಂವದ ಆಚೆಗಿದೆ; 1957ರ ಮೋಡಕಸಾಗರ, ಭಾತಸಾ ಜಲಾಶಯ ಎಲ್ಲ ಈ ಸುತ್ತಿನವೇ. ಆಳೆತ್ತರದ ಕೊಳವೆಗಳಲ್ಲಿ ನೀರು ಹಗಲಿರುಳು ಮುಂಬಯಿಗೆ ಇಳಿಯುತ್ತದೆ. ಆದರೆ ಅದೇ ತಾಲೂಕಿನ ಬೆಟ್ಟದ ಹಾಡಿಗಳಿಗೆ ಪ್ರತಿ ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ಹಂಚುತ್ತಾರೆ. ರೈಲಿನ ಕಿಟಕಿಯಿಂದಲೇ ಕಂಡಿತು: ಬತ್ತಿದ ಬಾವಿಯ ಸುತ್ತ ಬಣ್ಣಬಣ್ಣದ ಕೊಡಗಳ ಸಾಲು, ಕೊಡಗಳ ಹಿಂದೆ ಹೆಂಗಸರು. ಕಚೇರಿಯಲ್ಲಿ ನಲ್ಲಿ ತಿರುಗಿಸಿ ಮುಖ ತೊಳೆಯುವ ನಮಗೆ ಆ ನೀರು ಎಲ್ಲಿಂದ ಬರುತ್ತದೆಂದು ಯೋಚಿಸುವ ಕಾರಣವೇ ಬಂದಿರಲಿಲ್ಲ. ತಂದೆಯವರು ಕಿಟಕಿಯಾಚೆ ನೋಡುತ್ತ ಒಂದೇ ಮಾತು ಹೇಳಿದರು: ‘ನೀರು ಇದ್ದಲ್ಲಿ ಇರೂದಿಲ್ಲ ತಮ್ಮಾ, ಕೇಳಿದವರ ಕಡೆ ಹೊಕ್ಕೈತಿ.’

ಕಸಾರೆಯಲ್ಲಿ ಇಳಿದು ಜೀಪು ಗೊತ್ತುಮಾಡಿದೆವು. ಘಟ್ಟದ ತಿರುವುಗಳಲ್ಲಿ ಆದಿವಾಸಿ ಹುಡುಗಿಯರು ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು, ನೇರಳೆ ಹಣ್ಣು ಮಾರುತ್ತಿದ್ದರು. ನಾಲಗೆ ನೀಲಿಯಾಗುವ ತನಕ ತಿಂದೆವು. ಇಗತಪುರಿಯ ಹತ್ತಿರ ಗಾಳಿ ತಂಪಾಯಿತು. ಘೋಟಿಯಲ್ಲಿ ಹೆದ್ದಾರಿ ಬಿಟ್ಟು ಹೊರಳಿದೆವು. ಮುಂದೆ ಬಂದದ್ದು ಕಳಸೂಬಾಯಿ ಶಿಖರ, 1646 ಮೀಟರು, ಮಹಾರಾಷ್ಟ್ರದಲ್ಲೆಲ್ಲ ಎತ್ತರದ್ದು. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವೆಂದು ಮಗಳು ಪಾಠಪುಸ್ತಕದ ಬಲದಿಂದ ಜೀಪಿನವನಿಗೆ ಹೇಳಿದಳು. ಆತ ಒಪ್ಪಲಿಲ್ಲ. ವಾದ ಅಣೆಕಟ್ಟು ಕಾಣುವವರೆಗೂ ನಡೆಯಿತು.

ಭಂಡಾರದರೆಯ ಅಣೆಕಟ್ಟಿನ ಕೆಲಸ 1910ರಲ್ಲಿ ಆರಂಭವಾಗಿ 1926ರಲ್ಲಿ ಮುಗಿಯಿತು. ಆಗ ಮುಂಬಯಿಯ ಗವರ್ನರರಾಗಿದ್ದ ಲೆಸ್ಲಿ ವಿಲ್ಸನ್ ಅವರ ಹೆಸರಿನಿಂದ ಅದು ವಿಲ್ಸನ್ ಅಣೆಕಟ್ಟು. ನೀರಿಗೆ ಆರ್ಥರ್ ಸರೋವರವೆಂಬ ಹೆಸರು. ಎತ್ತರ ಸುಮಾರು 270 ಅಡಿ. ಕಟ್ಟಿದ ಕಾಲಕ್ಕೆ ನಮ್ಮ ದೇಶದ ಅತಿ ಎತ್ತರದ ಅಣೆಕಟ್ಟುಗಳಲ್ಲಿ ಒಂದು. ಸುಮಾರು 11 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರು ಪ್ರವರಾ ಕಾಲುವೆಗಳಿಂದ ಕೆಳಗಿನ ಬಯಲಿಗೆ ಹರಿದು ಕಬ್ಬು ಬೆಳೆಯಿಸಿತು. 1950ರ ಸುಮಾರಿಗೆ ವಿಠ್ಠಲರಾವ ವಿಖೆ ಪಾಟೀಲರು ರೈತರನ್ನು ಕೂಡಿಸಿ, ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರ ನೆರವಿನಿಂದ ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರಖಾನೆ ತೆರೆದದ್ದು ಈ ನೀರಿನ ಬಲದ ಮೇಲೆಯೇ. ಮುಂದೆ ಮಹಾರಾಷ್ಟ್ರದಲ್ಲಿ ಮಾತ್ರವಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆಯ ಕಡೆಗೂ ಸಹಕಾರಿ ಕಾರಖಾನೆಗಳು ಎದ್ದವು.

ಮೇ ತಿಂಗಳ ಕೊನೆಯಲ್ಲಿ ನಾವು ಕಂಡ ಸರೋವರ ತುಂಬಿದ ಸರೋವರವಲ್ಲ. ಇಲ್ಲಿಯೇ ಇಟಲಿಗೂ ನಮಗೂ ಇರುವ ಅಂತರ. ಅಲ್ಲಿ ವಸಂತದ ಕೊನೆಗೆ ಹಿಮ ಕರಗಿ ಸರೋವರ ಏರುತ್ತದೆ. ಇಲ್ಲಿ ಅದೇ ದಿನಗಳಲ್ಲಿ ನೀರು ಇಳಿದು ತಳ ಕಾಣುತ್ತದೆ. ದಂಡೆಯ ಸುತ್ತ ಕೆಂಪು ಮಣ್ಣಿನ ಪಟ್ಟಿ, ಬಿರಿದ ಕೆಸರು, ನಡುವೆ ನೀಲಿಯ ನೀರು. ಆದರೂ ನಾಲ್ಕೂ ಕಡೆಗೆ ನಿಂತ ಬೆಟ್ಟಗಳ ನೆರಳು ಅದರಲ್ಲಿ ಬಿದ್ದಾಗ ಶ್ರೀಮತಿಯವರು, ‘ನಿಮ್ಮ ಸಾಹೇಬರ ಕೋಮೋ ಇದಕ್ಕಿಂತ ಹೆಚ್ಚೇನಿಲ್ಲ ಬಿಡ್ರಿ’ ಎಂದು ತೀರ್ಪು ಕೊಟ್ಟರು.

ನಾವು ಇಳಿದುಕೊಂಡದ್ದು ಸರೋವರದ ಆಚೆಯ ತುದಿಯ ಕಡೆ, ಒಂದು ಆದಿವಾಸಿ ಕುಟುಂಬದ ಮನೆಯಲ್ಲಿ. ಈ ಭಾಗದವರು ಹೆಚ್ಚಾಗಿ ಮಹಾದೇವ ಕೋಳಿಗಳು. ಬ್ರಿಟಿಷರ ವಿರುದ್ಧ ಬಂಡೆದ್ದು 1848ರಲ್ಲಿ ಠಾಣೆಯಲ್ಲಿ ಗಲ್ಲಿಗೇರಿದ ರಾಘೋಜಿ ಭಾಂಗರೆ ಇವರ ಪೈಕಿಯವನು. ಠಾಣೆಯ ಜೈಲಿನ ಗೋಡೆಯ ಪಕ್ಕದಿಂದ ನಾವು ಎಷ್ಟು ಸಲ ಹೋಗಿಲ್ಲ! ಆ ಗೋಡೆಗೂ ಈ ಬೆಟ್ಟಕ್ಕೂ ಇರುವ ನಂಟು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಮಧ್ಯಾಹ್ನ ನಾಚಣಿಯ ಭಾಕರಿ, ಝುಣಕ, ಹಸಿಮೆಣಸಿನಕಾಯಿಯ ಖಾರ. ರಾಗಿರೊಟ್ಟಿಯಾದರೂ ಝುಣಕ ನಮ್ಮದೇ ಆಯಿತಲ್ಲ ಎಂದು ತಂದೆಯವರು ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ನಾವು ನೀರಿನ ಕಡೆ ಹೊರಟೆವು. ಅವರು ಬರಲಿಲ್ಲ. ಕಟ್ಟೆಯ ಮೇಲೆ ಸರೋವರಕ್ಕೆ ಬೆನ್ನು ಮಾಡಿ, ದನದ ಕೊಟ್ಟಿಗೆಯ ಕಡೆ ಮುಖವಿಟ್ಟು ಕುಳಿತರು. ಮನೆಯೊಡೆಯ ಮುದುಕ ಅವರ ಪಕ್ಕದಲ್ಲಿ ಕುಳಿತ. ಆತನಿಗೆ ಕನ್ನಡ ಬಾರದು. ತಂದೆಯವರ ಮರಾಠಿ ಸಂತೆಯ ಮರಾಠಿ. ಆದರೂ ನಾವು ಎರಡು ತಾಸಿನ ಮೇಲೆ ಬಂದಾಗ ಇಬ್ಬರೂ ಎಲೆಯಡಿಕೆ ಮೆಲ್ಲುತ್ತ ಒಕ್ಕಲುತನದ ಮಾತಿನಲ್ಲಿ ಮುಳುಗಿದ್ದರು. ಮಳೆಯ ನಕ್ಷತ್ರಗಳು ಎರಡೂ ಭಾಷೆಗೆ ಒಂದೇ ಅಲ್ಲವೇ? ರೋಹಿಣಿ ಎಂದರೆ ರೋಹಿಣಿ. ನಮ್ಮ ಮಿರಗ ಅವರ ಮೃಗ. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳವೆಂಬ ನಮ್ಮ ಗಾದೆಯನ್ನು ತಂದೆಯವರು ಆತನಿಗೆ ಬಿಡಿಸಿ ಹೇಳುತ್ತಿದ್ದರು.

ಸಂಜೆಗೆ ರತನವಾಡಿಯ ಅಮೃತೇಶ್ವರ ಗುಡಿಗೆ ಹೋದೆವು. ಕರಿಯ ಕಲ್ಲಿನ ಚಿಕ್ಕ ಗುಡಿ. ಹೊರಗೋಡೆಯ ಮೇಲೆ, ಕಂಬಗಳ ಮೇಲೆ ಕೈ ಬಿಡದ ಕೆತ್ತನೆ. ಪಕ್ಕದಲ್ಲಿ ಕಲ್ಲಿನ ಪುಷ್ಕರಿಣಿ. ಶಿಲಾಹಾರರ ಕಾಲದ್ದೆಂದು ಹೇಳುತ್ತಾರೆ. ಶಿಲಾಹಾರರೆಂದರೆ ನಮ್ಮ ಕಲ್ಯಾಣದ ನೆರೆಯವರೇ. ಅಂಬರನಾಥದ ಶಿವಾಲಯ 1060ರಲ್ಲಿ ಅವರ ಆಳಿಕೆಯಲ್ಲಿ ಆದದ್ದು. ಅವರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಹತ್ತಿರದ ಕಾನ್ಹೇರಿ ಗವಿಗಳ ಶಾಸನಗಳಲ್ಲಿ ನಮ್ಮ ಅಮೋಘವರ್ಷನ ಹೆಸರಿದೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರಲ್ಲಿ ನಾವೇ ಮೊದಲಿಗರೆಂದು ತಿಳಿದಿದ್ದೆವು. ಕನ್ನಡದ ಹೆಸರು ನಮಗಿಂತ ಸಾವಿರ ವರ್ಷ ಮೊದಲೇ ಬಂದು ಕಲ್ಲಿನಲ್ಲಿ ಕುಳಿತಿದೆ.

ಕತ್ತಲಾಯಿತು. ಅರಣ್ಯ ಇಲಾಖೆಯವರು ಬೆಳಕು ಹಚ್ಚಬಾರದೆಂದು ಹೇಳಿದ್ದರಿಂದ ಮೊಬೈಲುಗಳನ್ನು ಚೀಲದಲ್ಲಿಟ್ಟೆವು. ಇದು ಕಳಸೂಬಾಯಿ ಹರಿಶ್ಚಂದ್ರಗಡ ಅಭಯಾರಣ್ಯದ ಭಾಗ. ಮೊದಲು ಒಂದು ಮಿಣುಕು. ಆಮೇಲೆ ಹತ್ತು. ನೋಡನೋಡುತ್ತ ಅಳಲೆಯ ಮರವೊಂದು ಬುಡದಿಂದ ತುದಿಯವರೆಗೆ ಹೊತ್ತಿಕೊಂಡಿತು. ಒಮ್ಮೆಲೇ ಹೊಳೆಯುವುದು, ಒಮ್ಮೆಲೇ ಆರುವುದು. ಯಾರೋ ಗುಂಡಿ ಒತ್ತಿದ ಹಾಗೆ ಸಾವಿರಾರು ಹುಳು ಒಂದೇ ತಾಳಕ್ಕೆ. ಪಕ್ಕದ ಮರ ಅದಕ್ಕೆ ಉತ್ತರ ಕೊಟ್ಟಿತು. ಮಕ್ಕಳು ಉಸಿರು ಬಿಗಿಹಿಡಿದು ನಿಂತರು.

ಇದು ಗಂಡುಹುಳು ಹೆಣ್ಣನ್ನು ಕರೆಯುವ ಬಗೆ. ಹೊಟ್ಟೆಯ ತುದಿಯಲ್ಲಿರುವ ಲೂಸಿಫೆರಿನ್ ಎಂಬ ದ್ರವ್ಯ ಉಸಿರಿನ ಆಮ್ಲಜನಕದೊಡನೆ ಕೂಡಿದಾಗ ಬೆಳಕಾಗುತ್ತದೆ, ಬಿಸಿಯಿಲ್ಲದ ಬೆಳಕು. ಮರಿಯಾಗಿದ್ದಾಗ ಅದು ತಿಂಗಳುಗಟ್ಟಲೆ ಹಸಿಮಣ್ಣಿನಲ್ಲಿ ಬಸವನಹುಳು ತಿನ್ನುತ್ತ ಬದುಕುತ್ತದೆ. ರೆಕ್ಕೆ ಬಂದ ಮೇಲೆ ಅದರ ಆಯುಷ್ಯ ಕೆಲವೇ ವಾರ. ಬ್ಯಾಟರಿ ಬೆಳಕು ಬಿದ್ದರೆ ಅದರ ಕರೆ ಹೆಣ್ಣಿಗೆ ಕಾಣದು. ಕಾಣದಿದ್ದರೆ ಮುಂದಿನ ವರ್ಷ ಹುಳುವೇ ಇರದು. ಆದರೂ ನಮ್ಮ ಕಣ್ಣೆದುರಿಗೇ ಪಟ್ಟಣದ ಒಂದು ತಂಡ ದೀಪ ಹಚ್ಚಿ, ಹಾಡು ಹಾಕಿ ಗದ್ದಲವೆಬ್ಬಿಸಿತು. ಆ ಕಡೆಯ ಮರಗಳೆಲ್ಲ ಕಪ್ಪಾದವು.

ಕತ್ತಲಲ್ಲಿ ತಂದೆಯವರು ಮೊಮ್ಮಗನಿಗೆ ಹೇಳುವುದು ಕೇಳಿಸಿತು: ‘ನಮ್ಮ ಹೊಳಿ ದಂಡಿಗೂ ಇದ್ದವು. ಇಷ್ಟಲ್ಲ. ಮಿರಗ ಕೂಡೂ ಮುಂದ ಒಂದೊಂದು ಬರತಿದ್ದವು. ನಿಮ್ಮಪ್ಪ ಹಿಡಿದು ಚಸಮಾ ಡಬ್ಬ್ಯಾಗ ಇಟ್ಟಿದ್ದ.’ ಆ ಡಬ್ಬಿಯನ್ನು ನಾವು ಮರೆತಿದ್ದೆವು. ತಂದೆಯವರ ಬಾಯಿಂದ ಊರಿನ ಹೊಳೆಯ ಹೆಸರು ಬಂದು ಎಷ್ಟೋ ವರ್ಷಗಳಾಗಿದ್ದವು.

ರವಿವಾರ ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆಯಲ್ಲಿ ತಂದೆಯವರಿಲ್ಲ. ಮನೆಯ ಮುದುಕನೂ ಇಲ್ಲ. ಗಾಬರಿಯಿಂದ ಹೊರಗೆ ಬಂದೆವು. ದೂರದಲ್ಲಿ, ನೀರು ಇಳಿದ ಕೆಸರಿನ ಬಯಲಿನಲ್ಲಿ, ಎರಡು ಬಿಳಿಯ ಧೋತರಗಳು ಕಂಡವು.

ಓಡುತ್ತ ಹೋದೆವು. ಕೆಸರಿನಲ್ಲಿ ಸಾಲುಗಲ್ಲುಗಳು ಎದ್ದಿದ್ದವು; ಯಾವುದೋ ಮನೆಯ ಅಡಿಪಾಯ. ಒಂದು ಮೂಲೆಯಲ್ಲಿ ಅರ್ಧ ಹೂತ ಒರಳು. ಅಣೆಕಟ್ಟಾದಾಗ ತನ್ನ ಅಜ್ಜ ಬಿಟ್ಟುಬಂದ ಹೊಲಮನೆಗಳು ಈ ಕಡೆಗೇ ಇದ್ದವೆಂದು ಆ ಮುದುಕ ಚಿಕ್ಕಂದಿನಿಂದ ಕೇಳಿದ್ದನಂತೆ. ಪ್ರತಿ ಬೇಸಿಗೆ ನೀರು ಇಳಿದಾಗ ಬಂದು ನೋಡಿ ಹೋಗುತ್ತಾನಂತೆ. ಆತ ಹುಟ್ಟುವ ಮೊದಲೇ ಮುಳುಗಿದ ಮನೆ! ನಿನ್ನೆ ಮಧ್ಯಾಹ್ನ ಕಟ್ಟೆಯ ಮೇಲೆ ಈ ಮಾತೂ ಬಂದಿರಬೇಕು.

ತಂದೆಯವರು ಕಲ್ಲುಗಳ ನಡುವೆ ನಿಧಾನವಾಗಿ ನಡೆದಾಡುತ್ತಿದ್ದರು. ‘ಇದು ತಲಬಾಗಿಲ. ಇದು ದನ ಕಟ್ಟೂದು. ಇಲ್ಲೆ ಒಲಿ ಇದ್ದಿರಬೇಕು, ನೋಡು, ಕಲ್ಲು ಕರ್ರಗಾಗೇತಿ’ ಎಂದು ಮೊಮ್ಮಗಳಿಗೆ ತೋರಿಸಿದರು. ಅವರು ಓದುತ್ತಿದ್ದುದು ಆ ಮನೆಯನ್ನೋ, ನಮ್ಮ ಮನೆಯನ್ನೋ, ನಮಗೆ ತಿಳಿಯಲಿಲ್ಲ.

ಆಮೇಲೆ ಆ ಒರಳಿನ ಪಕ್ಕ ಕುಳಿತು ಒಂದು ಸಂಗತಿ ಹೇಳಿದರು. ಆಲಮಟ್ಟಿಯ ಅಡಿಗಲ್ಲನ್ನು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಟ್ಟದ್ದು 1964ರ ಮೇ ತಿಂಗಳಿನಲ್ಲಿ. ತಂದೆಯವರಿಗೆ ಆಗ ಹನ್ನೆರಡು ವರ್ಷ. ನಮ್ಮ ಅಜ್ಜನ ಚಕ್ಕಡಿಯಲ್ಲಿ ಬುತ್ತಿ ಕಟ್ಟಿಕೊಂಡು ಆ ಸಮಾರಂಭ ನೋಡಲು ಹೋಗಿದ್ದರಂತೆ. ‘ಬರಗಾಲ ಹೋತು, ಇನ್ನ ನಮ್ಮ ನಾಡಿಗೆ ನೀರು ಬಂತು ಅಂದ್ರು. ಮಂದಿ ಚಪ್ಪಾಳಿ ಹೊಡದ್ರು. ನಾನೂ ಹೊಡದೀನಿ ತಮ್ಮಾ. ನಮ್ಮೂರ ಮುಳಗತೈತಿ ಅಂತ ಯಾರಿಗೆ ಗೊತ್ತಿತ್ತು?’

ಅಣೆಕಟ್ಟು ಪೂರ್ತಿಯಾದದ್ದು 2005ರಲ್ಲಿ. ನೀರು ನಿಂತ ಮಟ್ಟ 519.60 ಮೀಟರು. ಸುಮಾರು 123 ಟಿಎಂಸಿ. ಭಂಡಾರದರೆಯ ಹನ್ನೊಂದು ಪಾಲು. ಆ ನೀರಿನಿಂದ ವಿಜಯಪುರ, ಯಾದಗಿರಿ, ರಾಯಚೂರುಗಳ ಎಷ್ಟೋ ಒಣಭೂಮಿ ಹಸಿರಾದದ್ದು ಸುಳ್ಳಲ್ಲ. ಹಳೆಯ ಬಾಗಲಕೋಟೆಯ ಬಹುಭಾಗ, ಜೊತೆಗೆ ಹತ್ತಾರು ಹಳ್ಳಿ ಹೋದದ್ದೂ ಸುಳ್ಳಲ್ಲ. ನಮ್ಮ ಮನೆಯ ಲೆಕ್ಕ ಇನ್ನೂ ಚಿಕ್ಕದು: ಹೊಲದ ಪರಿಹಾರದ ಹಣದಲ್ಲಿ ನಮ್ಮ ಬಿ.ಎ. ಆಯಿತು, ಬಿ.ಎ.ಯಿಂದ ಈ ಗುಮಾಸ್ತೆಯ ಕುರ್ಚಿ. ಆ ಕುರ್ಚಿಯ ಕೆಳಗೆ ನೀರಿದೆಯೆಂದು ನಾವು ಯಾರಿಗೂ ಹೇಳಿದವರಲ್ಲ. ತಂದೆಯವರೂ ಒಂದು ದಿನ ಆಡಿ ತೋರಿಸಿದವರಲ್ಲ.

ಈಗ ಒಂದು ತಪ್ಪೊಪ್ಪಿಗೆ. ಮೂರು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಊರ ಕಡೆಯ ದಾಯಾದಿಯೊಬ್ಬ ನಮಗೆ ಒಂದು ಚಿತ್ರ ಕಳಿಸಿದ್ದ. ಕೆಸರಿನಿಂದ ಎದ್ದ ನಮ್ಮೂರ ಹನುಮಪ್ಪನ ಗುಡಿಯ ಕಟ್ಟೆಯ ಚಿತ್ರ. ತಂದೆಯವರು ಕಂಡು ನೊಂದಾರೆಂದು ಮೊಬೈಲಿನಲ್ಲಿಯೇ ಬಚ್ಚಿಟ್ಟಿದ್ದೆವು. ಅಂದು ಇಟಲಿಯ ಆ ಗೋಪುರವನ್ನು ಕಂಡಾಗ ನಮ್ಮ ನಾಲಗೆ ಕಟ್ಟಿದ್ದು ಇದಕ್ಕೇ. ಆ ಕಟ್ಟೆಯೂ ಕಣ್ಣ ಮುಂದೆ ಬಂದು ನಿಂತಿತ್ತು.

ಮಗಳು ಆ ಗೋಪುರದ ಕಥೆಯನ್ನು ಅಜ್ಜನಿಗೆ ಹೇಳತೊಡಗಿದಳು. ದುರಸ್ತಿಗಾಗಿ 2021ರಲ್ಲಿ ಆ ಸರೋವರದ ನೀರನ್ನು ಇಳಿಸಿದಾಗ ಊರಿನ ಗೋಡೆಗಳು, ಮೆಟ್ಟಿಲುಗಳು ಮೇಲೆ ಬಂದವಂತೆ, ಜನ ನೋಡಲು ಬಂದರಂತೆ ಎಂದು ಎಲ್ಲಿಂದಲೋ ತಿಳಿದುಕೊಂಡಿದ್ದಳು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿಯವರೂ ಬಂದ್ರೇನು ನೋಡಾಕ?’ ಎಂದರು. ಮತ್ತೆ ನಮ್ಮ ಕಡೆ ತಿರುಗಿ, ‘ನಮ್ಮೂರೂ ಹಿಂಗ ಕಾಣತೈತೇನು ತಮ್ಮಾ, ಬ್ಯಾಸಗ್ಯಾಗ?’ ಎಂದು ಕೇಳಿದರು.

ಮೊಬೈಲು ತೆಗೆದು ಚಿತ್ರವನ್ನು ಅವರ ಕೈಗೆ ಕೊಟ್ಟೆವು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅಳಲಿಲ್ಲ. ಬೆರಳಿನಿಂದ ತೋರಿಸಿ, ‘ಹನುಮಪ್ಪನ ಕಟ್ಟಿ. ಈ ಮೂಲ್ಯಾಗ ನಿಮ್ಮವ್ವ ದೀಪ ಹಚ್ಚತಿದ್ದಳು’ ಎಂದರು. ‘ಎಂದ ಬಂದಿತ್ತಿದು?’ ಎಂದು ಕೇಳಿದರು. ‘ಮೂರು ವರ್ಷ ಆತು ಅಪ್ಪಾ’ ಎಂದೆವು. ‘ಮದಲ ತೋರಸಬೇಕಿತ್ತು’ ಎಂದಷ್ಟೇ ಹೇಳಿ ಎದ್ದರು. ನೀರಿನ ತನಕ ನಡೆದು ಹೋಗಿ, ಬಗ್ಗಿ, ಬೊಗಸೆ ತುಂಬಿಕೊಂಡು ಮುಖ ತೊಳೆದರು.

ಹಿಂದಿರುಗುವಾಗ ಜೀಪಿನಲ್ಲಿ ಮುಂದಿನ ವರ್ಷದ ಕಾರ್ಯಕ್ರಮವಾಯಿತು. ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ, ಹಿನ್ನೀರು ಇಳಿದಾಗ ಊರಿಗೆ ಹೋಗುವುದು. ಯಾವ ಹೊಲ ಎಲ್ಲಿತ್ತೆಂಬುದನ್ನು ಮೊಮ್ಮಕ್ಕಳಿಗೆ ತೋರಿಸುವುದು. ಇದನ್ನು ಹೇಳಿದವರು ತಂದೆಯವರೇ. ಕಸಾರೆಯಿಂದ ಗಾಡಿ ಹೊರಟ ಮೇಲೆ ಅವರು ಮೊಮ್ಮಗನಿಗೆ ಹೊಲಗಳ ಹೆಸರು ಹೇಳುತ್ತ ಬಂದರು. ಹೊಳಿಹೊಲ, ಬೇವಿನಗಿಡದ ಪಟ್ಟಿ, ಎರಿಹೊಲ. ಆತ ಟಿಟವಾಳಾ ಬರುವಷ್ಟರಲ್ಲಿ ಮೂರನ್ನೂ ಬಾಯಿಪಾಠ ಮಾಡಿದ್ದ.

ಕುಟುಂಬಸಮೇತ ಹೋಗಬಯಸುವ ಬಳಗದವರಿಗೆ ಕೊನೆಯದಾಗಿ ಕೆಲವು ಮಾತು. ಕಲ್ಯಾಣದಿಂದ ಬೆಳಗಿನ ಮೊದಲ ಗಾಡಿಗಳಲ್ಲಿಯೇ ಹೊರಡಿರಿ. ಶನಿವಾರ ರವಿವಾರ ಜನಸಂದಣಿ ಹೆಚ್ಚು, ರಜೆ ಸಿಕ್ಕರೆ ನಡುವಾರವೇ ಲೇಸು. ವಸತಿಯನ್ನು ಮೊದಲೇ ಗೊತ್ತುಮಾಡಿ, ಸಾಧ್ಯವಿದ್ದರೆ ಹಳ್ಳಿಯವರ ಮನೆಯಲ್ಲಿಯೇ ಇಳಿದುಕೊಳ್ಳಿರಿ. ನಾವು ಕೊಡುವ ನಾಲ್ಕು ಕಾಸು ಅವರ ಮಳೆಗಾಲಕ್ಕೆ ಆಗುತ್ತದೆ. ಕಾಡಿನಲ್ಲಿ ದೀಪ ಹಚ್ಚಬೇಡಿರಿ, ಹುಳು ಹಿಡಿಯಬೇಡಿರಿ, ಹುಲ್ಲಿನ ಮೇಲೆ ತುಳಿದಾಡಬೇಡಿರಿ; ಹೆಣ್ಣುಹುಳು ಹೆಚ್ಚಾಗಿ ನೆಲದ ಹತ್ತಿರವೇ ಇರುತ್ತದೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಸರೋವರದ ದಂಡೆಯ ಊರಾದರೂ ಬೇಸಿಗೆಯಲ್ಲಿ ಅಲ್ಲಿಯ ಹೆಂಗಸರು ಒಂದೊಂದು ಕೊಡವನ್ನೂ ದೂರದಿಂದ ಹೊತ್ತು ತರುತ್ತಾರೆ.

ಮತ್ತೆ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿರಿ.